ಚಿಪ್‌ನ ಬೆನ್ನ ಮೇಲಿನ ಹೆಸರು

ಗಿಟಾರ್‌ಗೆಂದು ನಾನು ಯಾರ ನಕ್ಷೆಯನ್ನೂ ನಕಲು ಮಾಡದೆ ಕಟ್ಟಿದ ಮೊದಲ ಸರ್ಕ್ಯೂಟ್ ಒಂದು ಸಾಧಾರಣ ಪ್ರಿಆಂಪ್, ಅಂದರೆ ಗಿಟಾರಿನ ಕ್ಷೀಣ ಸಿಗ್ನಲನ್ನು ಆಂಪ್ಲಿಫೈಯರಿಗೆ ಕಳಿಸುವ ಮೊದಲು ಹಿಗ್ಗಿಸುವ ಹಂತ. ಅದಕ್ಕೆ ಯಾವ ಆಪ್ ಆಂಪ್, ಅಂದರೆ ಸಿಗ್ನಲನ್ನು ಹಿಗ್ಗಿಸುವ ಚಿಪ್, ಹಾಕಬೇಕೆಂದು ತೀರ್ಮಾನಿಸಲು ತಯಾರಕರ ಎರಡು ಡೇಟಾಶೀಟ್‌ಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಹರಡಿಕೊಂಡು ಕುಳಿತಿದ್ದೆ. ಒಂದು ಟಿಎಲ್072ರದು, ಇನ್ನೊಂದು ಎನ್‌ಇ5532ರದು. ನಾಯ್ಸ್, ಅಂದರೆ ಚಿಪ್ ತಾನೇ ಹುಟ್ಟಿಸುವ ಗದ್ದಲ, ಎಂಬ ಸಾಲಿನ ಎದುರು ಮೊದಲನೆಯದಕ್ಕೆ ಪ್ರತಿ ರೂಟ್ ಹರ್ಟ್ಝ್‌ಗೆ 18 ನ್ಯಾನೋವೋಲ್ಟ್ ಎಂದೂ ಎರಡನೆಯದಕ್ಕೆ 5 ನ್ಯಾನೋವೋಲ್ಟ್ ಎಂದೂ ಬರೆದಿತ್ತು. ಇಷ್ಟು ದೊಡ್ಡ ಅಂತರ ಕಣ್ಣೆದುರಿಗಿರುವಾಗ ಇನ್ನೇನು ಯೋಚಿಸುವುದಿದೆ ಎಂದುಕೊಂಡು 5532 ಅನ್ನು ಸಾಕೆಟ್‌ಗೆ ಒತ್ತಿ, ಗಿಟಾರ್ ಜೋಡಿಸಿ, ಆಂಪ್ಲಿಫೈಯರಿನ ವಾಲ್ಯೂಮ್ ಏರಿಸಿದೆ. ತಂತಿ ಮುಟ್ಟುವ ಮೊದಲೇ, ಕಾದ ಬಾಣಲೆಗೆ ನೀರು ಚಿಮುಕಿಸಿದಂತೆ ಸುಯ್ಯೆಂಬ ಸದ್ದು ಕೋಣೆಯನ್ನು ತುಂಬಿತು. ಕಿವಿಗೊಟ್ಟು ಕೇಳಿದರೆ ಆ ಸುಯ್ಲಿನ ಹಿಂದೆ ಎಲ್ಲೋ ಮೀಡಿಯಂ ವೇವ್ ರೇಡಿಯೋದ ವಾರ್ತೆಯೂ ಕ್ಷೀಣವಾಗಿ ಕೇಳುತ್ತಿತ್ತು.

ಎರಡು ಸಂಜೆ ಬೆಸುಗೆಗಳನ್ನೆಲ್ಲ ಮತ್ತೆ ಕಾಯಿಸಿದೆ, ಡಬ್ಬಿಗೆ ಅರ್ಥ್ ಕೊಟ್ಟೆ, ಕೇಬಲ್ ಬದಲಿಸಿದೆ, ಪವರ್ ಸಪ್ಲೈ ತೆಗೆದು ಬ್ಯಾಟರಿ ಹಾಕಿದೆ. ಏನೂ ಬದಲಾಗಲಿಲ್ಲ. ಕೊನೆಗೆ ಬೇಸರದಿಂದ, ಕೆಟ್ಟರೆ ಕೆಡಲಿ ಎಂದು, ಡೇಟಾಶೀಟಿನ ಪ್ರಕಾರ ಮೂರೂವರೆ ಪಟ್ಟು ಹೆಚ್ಚು ಗದ್ದಲ ಮಾಡಬೇಕಾಗಿದ್ದ ಟಿಎಲ್072 ಅನ್ನು ಅದೇ ಸಾಕೆಟ್‌ಗೆ ಹಾಕಿದೆ. ಸುಯ್ಲು ಬಹುಪಾಲು ಅಡಗಿತು, ವಾರ್ತೆಯೂ ನಿಂತಿತು. ಆಪ್ ಆಂಪ್‌ಗಳ ಬಗ್ಗೆ ನಾನು ಇವತ್ತು ಏನಾದರೂ ತಿಳಿದುಕೊಂಡಿದ್ದರೆ ಅದರ ಬಹುಭಾಗ ಈ ಅವಮಾನದ ಕಾರಣ ಹುಡುಕುತ್ತ ಹೋದದ್ದರಿಂದ ಬಂದದ್ದು.

ಕಾರಣ ಡೇಟಾಶೀಟಿನಲ್ಲೇ ಇತ್ತು, ಎರಡು ಸಾಲು ಕೆಳಗೆ. ಆಪ್ ಆಂಪ್‌ನ ಇನ್‌ಪುಟ್‌ನಲ್ಲಿ ಎರಡು ಬಗೆಯ ನಾಯ್ಸ್ ಇರುತ್ತದೆ. ಎಲ್ಲರೂ ನೋಡುವುದು ವೋಲ್ಟೇಜ್ ನಾಯ್ಸ್ ಅನ್ನು. ಅದರ ಕೆಳಗೆ ಇರುವುದು ಕರೆಂಟ್ ನಾಯ್ಸ್. ಅದು ಇನ್‌ಪುಟ್‌ಗೆ ಏನನ್ನು ಜೋಡಿಸಿದ್ದೇವೋ ಅದರ ಮೂಲಕ ಹರಿದು, ಅದರ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ಅಡ್ಡಿ) ಎಷ್ಟಿದೆಯೋ ಅಷ್ಟರ ಮಟ್ಟಿಗೆ ವೋಲ್ಟೇಜ್ ಆಗಿ ಮಾರ್ಪಡುತ್ತದೆ. 5532ರ ಒಳಗೆ ಇನ್‌ಪುಟ್‌ನಲ್ಲಿರುವುದು ಸಾಮಾನ್ಯ ಬೈಪೋಲಾರ್ ಟ್ರಾನ್ಸಿಸ್ಟರ್. ಅದರ ಕರೆಂಟ್ ನಾಯ್ಸ್ 0.7 ಪಿಕೋಆಂಪಿಯರ್. ಟಿಎಲ್072ರಲ್ಲಿರುವುದು ಜೆಫೆಟ್ ಎಂಬ ಬೇರೆ ಬಗೆಯ ಟ್ರಾನ್ಸಿಸ್ಟರ್, ಅಲ್ಲಿ ಅದೇ ಅಂಕಿ 0.01. ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಗಿಟಾರಿನ ಪಿಕಪ್ ಅನ್ನು ಮಲ್ಟಿಮೀಟರಿನಲ್ಲಿ ಅಳೆದರೆ ಏಳೆಂಟು ಕಿಲೋಓಮ್ ತೋರಿಸುತ್ತದೆ, ಅದನ್ನೇ ನಂಬಿದರೆ 5532ಕ್ಕೆ ಯಾವ ತೊಂದರೆಯೂ ಇರಬಾರದು. ಆದರೆ ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ತಂತಿ. ಅದರ ಇಂಡಕ್ಟೆನ್ಸ್ ಕೆಲವು ಹೆನ್ರಿಗಳಷ್ಟಿರುತ್ತದೆ. 4 ಹೆನ್ರಿಯ ಸುರುಳಿ 3 ಕಿಲೋಹರ್ಟ್ಝ್‌ನಲ್ಲಿ ಸುಮಾರು 75 ಕಿಲೋಓಮ್‌ನಷ್ಟು ಅಡ್ಡಿ ಒಡ್ಡುತ್ತದೆ. 0.7 ಪಿಕೋಆಂಪಿಯರ್ ಅನ್ನು ಅದರಿಂದ ಗುಣಿಸಿದರೆ 50 ನ್ಯಾನೋವೋಲ್ಟ್ ದಾಟುತ್ತದೆ. 18ಕ್ಕಿಂತ 5 ಕಡಿಮೆ ಎಂದು ಹಿಗ್ಗಿದ ನನಗೆ ಕಿವಿಗೆ ಸಿಕ್ಕಿದ್ದು 50. ಅದರಲ್ಲೂ 3 ಕಿಲೋಹರ್ಟ್ಝ್‌ನ ಸುತ್ತಮುತ್ತ ನಮ್ಮ ಕಿವಿ ಅತಿ ಚುರುಕು.

ಇದೇ ಲೆಕ್ಕವನ್ನು ತಿರುಗಿಸಿ ಹಾಕಿದರೆ ಈ ಎರಡು ಚಿಪ್‌ಗಳ ನಡುವಿನ ಗಡಿರೇಖೆ ಸಿಗುತ್ತದೆ. ಎದುರಿಗಿರುವ ಇಂಪೀಡೆನ್ಸ್ ಸುಮಾರು 25 ಕಿಲೋಓಮ್‌ಗಿಂತ ಕಡಿಮೆಯಿದ್ದರೆ 5532 ಮೌನಿ, ಅದಕ್ಕಿಂತ ಹೆಚ್ಚಾದರೆ ಟಿಎಲ್072 ಮೌನಿ. 200 ಓಮ್‌ನ ಡೈನಾಮಿಕ್ ಮೈಕ್ ಜೋಡಿಸಿದರೆ 5532ರ ಕರೆಂಟ್ ನಾಯ್ಸ್ ಲೆಕ್ಕಕ್ಕೇ ಬರುವುದಿಲ್ಲ. ಮಿಕ್ಸಿಂಗ್ ಕನ್ಸೋಲ್‌ಗಳಲ್ಲಿ ಅದು ದಶಕಗಳ ಕಾಲ ಆಳಿದ್ದು ಸುಮ್ಮನೆ ಅಲ್ಲ. ಅಲ್ಲಿ ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವ ದಾರಿಗಳೆಲ್ಲ ಕೆಲವು ಕಿಲೋಓಮ್‌ಗಳ ಒಳಗೇ ಇರುತ್ತವೆ, ಮತ್ತು ಅದು 600 ಓಮ್‌ನ ಭಾರವನ್ನೂ ನಿರಾಯಾಸವಾಗಿ ಎಳೆಯಬಲ್ಲದು. ಆದ್ದರಿಂದ "ಆಡಿಯೋಗೆ ಯಾವ ಆಪ್ ಆಂಪ್ ಒಳ್ಳೆಯದು" ಎಂದು ಯಾರಾದರೂ ಕೇಳಿದಾಗ ನಾನು "ಅದರ ಮುಂದೆ ಏನಿದೆ" ಎಂದು ಮರುಪ್ರಶ್ನೆ ಹಾಕುತ್ತೇನೆ. ಕೇಳಿದವರಿಗೆ ಇದು ಜಾರಿಕೊಳ್ಳುವ ಉತ್ತರದಂತೆ ಕಾಣುತ್ತದೆ ಎಂಬುದು ನನಗೆ ಗೊತ್ತು.

ರೇಡಿಯೋ ವಾರ್ತೆಯ ಗುಟ್ಟೂ ಅದೇ ಬೈಪೋಲಾರ್ ಇನ್‌ಪುಟ್‌ನಲ್ಲಿತ್ತು. ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್‌ಗಳ ನಡುವಿನ ಸಂಧಿ ಒಂದು ಡಯೋಡ್ ಇದ್ದಂತೆ. ಕೇಬಲ್ ಹಿಡಿದುತಂದ ರೇಡಿಯೋ ಅಲೆಯಿಂದ ಮಾತನ್ನು ಸೋಸಿ ಕೊಡುವುದಕ್ಕೆ ಅಷ್ಟು ಸಾಕು. ಇನ್‌ಪುಟ್‌ಗೆ ಸರಣಿಯಲ್ಲಿ ತಕ್ಕ ರೆಸಿಸ್ಟರ್ ಇಟ್ಟು ಅಲ್ಲಿಂದ ಗ್ರೌಂಡ್‌ಗೆ ಒಂದು ಪುಟ್ಟ ಕೆಪಾಸಿಟರ್ ಹಾಕಿದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ನಾನು ಅದನ್ನು ಹಾಕಿರಲಿಲ್ಲ.

ಈ ಪಾಠ ನನ್ನ ಅತ್ತೆಯ ವೀಣೆಗೆ ಉಪಯೋಗಕ್ಕೆ ಬಂತು. ಅವರು ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾರೆ. ಒಂದು ದಸರಾ ಹಬ್ಬಕ್ಕೆ ಬಡಾವಣೆಯ ಪೆಂಡಾಲಿನಲ್ಲಿ ನುಡಿಸಬೇಕಾಗಿ ಬಂದಾಗ ಯಾರೋ ವೀಣೆಯ ಕೊಡಕ್ಕೆ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಒಂದು ಪೀಜೋ ಬಿಲ್ಲೆಯನ್ನು ಅಂಟಿಸಿ, ಅದರ ತಂತಿಯನ್ನು ನೇರವಾಗಿ ಆಂಪ್ಲಿಫೈಯರಿನ ಲೈನ್ ಇನ್‌ಪುಟ್‌ಗೆ ಕೊಟ್ಟಿದ್ದರು. ಮೊದಲ ಮೀಟಿಗೇ ಅತ್ತೆ ಕೈ ನಿಲ್ಲಿಸಿ ನನ್ನತ್ತ ತಿರುಗಿದರು. "ಏನೋ ಇದು, ವೀಣೆನೋ ತಗಡೋ?" ಮಂದ್ರದ ತಂತಿಯ ನಾದವೇ ಇರಲಿಲ್ಲ. ಉಗುರು ತಂತಿಗೆ ತಾಗುವ ಟಿಕ್ ಎಂಬ ಸದ್ದು, ಮೇಲಿನ ಸ್ವರಗಳ ಒಂದು ತೆಳು ಗೆರೆ, ಅಷ್ಟೆ.

ಪೀಜೋ ಬಿಲ್ಲೆ ಎಂದರೆ ಕೆಪಾಸಿಟರ್. ಸಾಮಾನ್ಯವಾಗಿ ಸಿಗುವ ಎರಡು ಸೆಂಟಿಮೀಟರ್ ಅಗಲದ ಬಿಲ್ಲೆಯಲ್ಲಿ 15 ನ್ಯಾನೋಫ್ಯಾರಡ್‌ನ ಆಸುಪಾಸು ಇರುತ್ತದೆ. ಅದನ್ನು 10 ಕಿಲೋಓಮ್‌ನ ಲೈನ್ ಇನ್‌ಪುಟ್‌ಗೆ ಜೋಡಿಸಿದರೆ ಸುಮಾರು 1,000 ಹರ್ಟ್ಝ್‌ಗಿಂತ ಕೆಳಗಿನದೆಲ್ಲ ಸೋರಿಹೋಗುತ್ತದೆ. ವೀಣೆಯ ಮೂಲಸ್ವರಗಳೆಲ್ಲ ಇರುವುದೇ ಅದಕ್ಕಿಂತ ಕೆಳಗೆ. ಅದೇ ಬಿಲ್ಲೆಯ ಎದುರು 1 ಮೆಗಾಓಮ್ ಇಟ್ಟರೆ ಆ ಗೆರೆ 10 ಹರ್ಟ್ಝ್‌ಗೆ ಇಳಿಯುತ್ತದೆ. 1 ಮೆಗಾಓಮ್ ಇಡಬೇಕೆಂದರೆ ಬೈಪೋಲಾರ್ ಇನ್‌ಪುಟ್‌ನ ಚಿಪ್‌ಗಳು ತಾವಾಗಿ ಪಟ್ಟಿಯಿಂದ ಹೊರಬೀಳುತ್ತವೆ. 5532ರ ಇನ್‌ಪುಟ್ ಕೆಲಸ ಮಾಡಲು ಸುಮಾರು 200 ನ್ಯಾನೋಆಂಪಿಯರ್ ಕರೆಂಟ್ ಎಳೆದುಕೊಳ್ಳುತ್ತದೆ. 1 ಮೆಗಾಓಮ್ ಮೂಲಕ ಅದು ಹರಿದರೆ ಅಲ್ಲೇ 0.2 ವೋಲ್ಟ್ ಕುಸಿತ, ಜೊತೆಗೆ ವಾಲ್ಯೂಮ್ ತಿರುಗಿಸಿದಾಗಲೆಲ್ಲ ಕರಕರ. ಜೆಫೆಟ್ ಇನ್‌ಪುಟ್ ಎಳೆದುಕೊಳ್ಳುವುದು ಕೆಲವು ಹತ್ತು ಪಿಕೋಆಂಪಿಯರ್. ಒಂದು ಟಿಎಲ್072, ಎರಡು ಮೂರು ರೆಸಿಸ್ಟರ್, ಒಂದು 9 ವೋಲ್ಟ್ ಬ್ಯಾಟರಿ, ಇವೆಲ್ಲವನ್ನೂ ಒಂದು ಹಳೆಯ ಸೋಪಿನ ಡಬ್ಬಿಯಲ್ಲಿ ಕೂರಿಸಿ ಮಾರನೆಯ ದಿನ ಕೊಟ್ಟೆ. ಮಂದ್ರ ಬಂತು. ಡಬ್ಬಿಯ ಅಂದದ ಬಗ್ಗೆ ಅತ್ತೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಆಪ್ ಆಂಪ್ ಎಂಬ ವಸ್ತು ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಆಪರೇಷನಲ್ ಎಂಬ ವಿಶೇಷಣ 1947ರಲ್ಲಿ ಜಾನ್ ರಗಾಝಿನಿ ಮತ್ತು ಸಂಗಡಿಗರ ಪ್ರಬಂಧದಲ್ಲಿ ಬಂದದ್ದು, ಕೂಡುವ ಕಳೆಯುವ ಇಂಟಿಗ್ರೇಟ್ ಮಾಡುವ ಗಣಿತದ ಕ್ರಿಯೆಗಳನ್ನು ವೋಲ್ಟೇಜಿನಲ್ಲಿ ನಡೆಸುವ ಅನಲಾಗ್ ಕಂಪ್ಯೂಟರುಗಳ ಸಂದರ್ಭದಲ್ಲಿ. ಆಗ ಅದನ್ನು ಕಟ್ಟುತ್ತಿದ್ದದ್ದು ವಾಲ್ವ್‌ಗಳಿಂದ. 1965ರಲ್ಲಿ ಫೇರ್‌ಚೈಲ್ಡ್ ಕಂಪನಿಯಲ್ಲಿ ಬಾಬ್ ವಿಡ್ಲರ್ ರೂಪಿಸಿದ 709, ಬಳಿಕ 1968ರಲ್ಲಿ ಅದೇ ಕಂಪನಿಯ ಡೇವ್ ಫುಲಗರ್ ರೂಪಿಸಿದ 741 ಇದನ್ನು ಒಂದು ಚಿಪ್‌ಗೆ ಇಳಿಸಿದವು. 741ರ ಹೆಚ್ಚುಗಾರಿಕೆ ಅದರೊಳಗೇ ಇದ್ದ 30 ಪಿಕೋಫ್ಯಾರಡ್‌ನ ಒಂದು ಪುಟ್ಟ ಕೆಪಾಸಿಟರ್. ಅದಕ್ಕೆ ಮುಂಚೆ ಚಿಪ್ ಆಸಿಲೇಟ್ ಆಗದಂತೆ, ಅಂದರೆ ತಾನಾಗಿಯೇ ಕಂಪಿಸತೊಡಗದಂತೆ, ಕಾಯುವ ಬಿಡಿಭಾಗಗಳನ್ನು ಬಳಸುವವನೇ ಹೊರಗೆ ಹಾಕಬೇಕಿತ್ತು. 741 ಬಂದ ಮೇಲೆ ಅನನುಭವಿಯೂ ಎಂಟು ಕಾಲುಗಳನ್ನು ಸರಿಯಾಗಿ ಜೋಡಿಸಿದರೆ ಸಾಕಾಯಿತು. ಎಪ್ಪತ್ತರ ದಶಕದಲ್ಲಿ, ಕಾಲಿನಲ್ಲಿ ತುಳಿದು ನಾದ ಬದಲಿಸುವ ಗಿಟಾರ್ ಪೆಡಲ್‌ಗಳಲ್ಲಿ ಅದು ಕಾಣಿಸಿಕೊಂಡದ್ದು ಇಂಪಾಗಿದೆಯೆಂದಲ್ಲ, ಅಗ್ಗವಾಗಿ ಎಲ್ಲೆಡೆ ಸಿಗುತ್ತಿತ್ತೆಂದು. ಎಂಎಕ್ಸ್‌ಆರ್ ಡಿಸ್ಟಾರ್ಷನ್ ಪ್ಲಸ್‌ನ ಒಳಗಿರುವುದು ಒಂದು 741 ಮತ್ತು ಎರಡು ಜರ್ಮೇನಿಯಂ ಡಯೋಡ್.

ಹೀಗೆ ಸಿಕ್ಕಿದ್ದನ್ನು ಹಾಕಿದ ಕಾಲ ಕಳೆದ ಮೇಲೆ, ಹಾಕಿದ್ದೇ ಮಹಾತ್ಮೆಯಾಯಿತು. ಇದಕ್ಕೆ 4558 ಎಂಬ ಆಪ್ ಆಂಪ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಜಪಾನಿನ ನಿಸ್ಶಿನ್ ಓನ್ಪಾ ಕಂಪನಿಯ ಸುಸುಮು ತಮುರ ವಿನ್ಯಾಸ ಮಾಡಿ, ಐಬನೇಝ್ ಹೆಸರಿನಲ್ಲಿ ಎಪ್ಪತ್ತರ ದಶಕದ ಕೊನೆಗೆ ಬಂದ ಟ್ಯೂಬ್ ಸ್ಕ್ರೀಮರ್ ಟಿಎಸ್808 ಪೆಡಲ್‌ನಲ್ಲಿ ಜೆಆರ್‌ಸಿ4558ಡಿ ಎಂಬ ಚಿಪ್ ಇತ್ತು. ಅಮೆರಿಕದ ಗಿಟಾರ್ ವಾದಕ ಸ್ಟೀವಿ ರೇ ವಾನ್‌ರಂಥವರು ಆ ಪೆಡಲ್ ತುಳಿದು ನುಡಿಸಿದ ಮೇಲೆ ಆ ನಾದದ ಗುಟ್ಟೆಲ್ಲ ಆ ಚಿಪ್‌ನಲ್ಲಿದೆ ಎಂಬ ಮಾತು ಹಬ್ಬಿತು. ಅದೇ ಮಾದರಿಯ ಪೆಡಲ್‌ಗಳಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಆರ್‌ಸಿ4558ಪಿ ಇರುವಂಥವೂ ಇವೆ ಎಂಬುದು ಈ ಮಾತಿನ ಓಟವನ್ನು ನಿಲ್ಲಿಸಲಿಲ್ಲ.

ನನಗೆ ಆ ಸರ್ಕ್ಯೂಟ್ ತುಂಬ ಇಷ್ಟ. ಹಾಗಾಗಿಯೇ ಆ ಕೀರ್ತಿ ಸಲ್ಲಬೇಕಾದ ಭಾಗಗಳಿಗೆ ಸಲ್ಲಲಿ ಎಂಬ ಆಸೆ. ಅದರಲ್ಲಿ ಗಿಟಾರ್ ನೇರವಾಗಿ ಆಪ್ ಆಂಪ್ ಅನ್ನು ನೋಡುವುದೇ ಇಲ್ಲ. ಮುಂದೆ, ಹೆಚ್ಚಿನ ಇಂಪೀಡೆನ್ಸನ್ನು ಕಡಿಮೆ ಮಾಡಿ ಕೊಡುವ ಒಂದು ಟ್ರಾನ್ಸಿಸ್ಟರ್ ಬಫರ್ ಇದೆ. ಅಂದರೆ ನನ್ನ ಪ್ರಿಆಂಪ್‌ನಲ್ಲಾದ ಅನಾಹುತ ಅಲ್ಲಿ ಆಗುವ ಸಂಭವವೇ ಇಲ್ಲ, 5532 ಹಾಕಿದರೂ ನಡೆಯುತ್ತದೆ. ಔಟ್‌ಪುಟ್ಟಿನಿಂದ ಇನ್‌ಪುಟ್ಟಿಗೆ ಮರಳುವ ಫೀಡ್‌ಬ್ಯಾಕಿನ ದಾರಿಯಲ್ಲಿ ಎದುರುಬದುರಾಗಿ ಎರಡು ಸಿಲಿಕಾನ್ ಡಯೋಡ್‌ಗಳಿವೆ. ಸಿಗ್ನಲ್ ಅರ್ಧ ವೋಲ್ಟಿನ ಮೇಲೆ ಹಿಗ್ಗಲು ಹೊರಟಾಗಲೆಲ್ಲ ಅವು ತೆರೆದುಕೊಂಡು ಗೇನ್ ಅನ್ನು, ಅಂದರೆ ಹಿಗ್ಗಿಸುವ ಪ್ರಮಾಣವನ್ನು, ಇಳಿಸುತ್ತವೆ, ಮೂಲ ಸಿಗ್ನಲ್ ಮಾತ್ರ ಅದರೊಂದಿಗೆ ಬೆರೆತೇ ಹೊರಬರುತ್ತದೆ. ಗ್ರೌಂಡ್‌ಗೆ ಹೋಗುವ ದಾರಿಯಲ್ಲಿ 4.7 ಕಿಲೋಓಮ್ ಮತ್ತು 0.047 ಮೈಕ್ರೋಫ್ಯಾರಡ್ ಇದ್ದು, 720 ಹರ್ಟ್ಝ್‌ಗಿಂತ ಕೆಳಗಿನ ಸ್ವರಗಳಿಗೆ ಕಡಿಮೆ ಗೇನ್ ಸಿಗುವಂತೆ ಮಾಡುತ್ತವೆ. ಮೂಗಿನಲ್ಲಿ ಹಾಡಿದಂಥ ಆ ನಡುಸ್ವರದ ಒತ್ತು ಬರುವುದು ಈ ಎರಡು ಬಿಡಿಭಾಗಗಳಿಂದ ಮತ್ತು ಮುಂದಿನ ಟೋನ್ ಹಂತದಿಂದ. ಗರಿಷ್ಠ ಗೇನ್ ಸುಮಾರು 118. 3 ಮೆಗಾಹರ್ಟ್ಝ್‌ನ 4558ಕ್ಕೆ ಆಗಲೂ 25 ಕಿಲೋಹರ್ಟ್ಝ್‌ವರೆಗೆ ಕೈ ಚಾಚಲು ಬರುತ್ತದೆ. ಡಯೋಡ್‌ಗಳು ಔಟ್‌ಪುಟ್ಟನ್ನು ಕಟ್ಟಿಹಾಕಿರುವುದರಿಂದ ಚಿಪ್ ತನ್ನ ಎಲ್ಲೆಯ ಹತ್ತಿರಕ್ಕೂ ಸುಳಿಯುವುದಿಲ್ಲ. ತನ್ನ ಸ್ವಭಾವ ತೋರಿಸುವ ಅವಕಾಶವೇ ಅದಕ್ಕಿಲ್ಲ.

ನನ್ನ ಸ್ನೇಹಿತನೊಬ್ಬ ವಾರಾಂತ್ಯಗಳಲ್ಲಿ ಒಂದು ಬ್ಯಾಂಡ್‌ನಲ್ಲಿ ಗಿಟಾರ್ ನುಡಿಸುತ್ತಾನೆ. ಅವನ ಕಿವಿ ನನ್ನದಕ್ಕಿಂತ ನೂರು ಪಾಲು ಸೂಕ್ಷ್ಮ. ತಂತಿ ಒಂದು ಕೂದಲೆಳೆಯಷ್ಟು ಇಳಿದರೂ ಅವನಿಗೆ ತಿಳಿಯುತ್ತದೆ. 4558 ಅಲ್ಲದ ಟ್ಯೂಬ್ ಸ್ಕ್ರೀಮರ್ ಟ್ಯೂಬ್ ಸ್ಕ್ರೀಮರ್ ಅಲ್ಲ ಎಂದು ಅವನು ವಾದಿಸುತ್ತಿದ್ದ. ಅವನಿಗಾಗಿ ಸಾಕೆಟ್ ಇರುವ ಒಂದು ಬೋರ್ಡ್ ಕಟ್ಟಿ, ಅವನು ಬೆನ್ನು ತಿರುಗಿಸಿ ಕುಳಿತು ನುಡಿಸುವಾಗ 4558, ಟಿಎಲ್072, 5532 ಮೂರನ್ನೂ ಮನಸ್ಸಿಗೆ ಬಂದ ಕ್ರಮದಲ್ಲಿ ಬದಲಿಸುತ್ತ ಹೋದೆ. ಎರಡು ಬಾರಿ ಬದಲಿಸಿದಂತೆ ನಟಿಸಿ ಅದೇ ಚಿಪ್ಪನ್ನು ತಿರುಗಿ ಒತ್ತಿದೆ. ಆಗಲೂ ಅವನು "ಈಗ ಸ್ವಲ್ಪ ಬಿಚ್ಚಿಕೊಳ್ತು ಕಣೋ" ಎಂದ. ಹನ್ನೆರಡು ಸುತ್ತಿನಲ್ಲಿ ಅವನ ಊಹೆ ಸರಿಯಾದದ್ದು ಐದು. ಗೇನ್ ಪೂರ್ತಿ ತಿರುಗಿಸಿ ತಂತಿಗಳ ಮೇಲೆ ಅಂಗೈ ಇಟ್ಟು ಸುಮ್ಮನೆ ಕುಳಿತಾಗ ಮಾತ್ರ ಟಿಎಲ್072ರ ಸುಯ್ಲು ಒಂದೆಳೆ ಹೆಚ್ಚಿದೆ ಎಂದು ಅವನು ಪ್ರತಿ ಸಲವೂ ಗುರುತಿಸಿದ. ಅದು ನಿಜ. ಬಫರಿನ ನಂತರದ ಆ ಜಾಗದಲ್ಲಿ ಇಂಪೀಡೆನ್ಸ್ ಕಡಿಮೆ, ಅಲ್ಲಿ ಗೆಲ್ಲುವುದು ವೋಲ್ಟೇಜ್ ನಾಯ್ಸ್ ಕಡಿಮೆಯಿರುವ ಚಿಪ್.

ಇಷ್ಟು ಹೇಳಿ ಆಪ್ ಆಂಪ್‌ಗೆ ಸ್ವರೂಪವೇ ಇಲ್ಲ, ಯಾವುದನ್ನು ಹಾಕಿದರೂ ಒಂದೇ ಎಂದುಬಿಟ್ಟರೆ ಅದು ಇನ್ನೊಂದು ಬಗೆಯ ಸೋಮಾರಿತನವಾದೀತು. ಪ್ರೋಕೋ ಕಂಪನಿಯ ರ‍್ಯಾಟ್ ಎಂಬ ಡಿಸ್ಟಾರ್ಷನ್ ಪೆಡಲ್ ಇದಕ್ಕೆ ನೇರ ಉತ್ತರ. ಅದರಲ್ಲಿ ಡಯೋಡ್‌ಗಳು ಫೀಡ್‌ಬ್ಯಾಕಿನಲ್ಲಿಲ್ಲ, ಆಪ್ ಆಂಪ್ ದಾಟಿದ ಮೇಲೆ ಗ್ರೌಂಡ್‌ಗೆ ಇವೆ. ಹಾಗಾಗಿ ಆಪ್ ಆಂಪ್‌ಗೆ ಯಾವ ಲಗಾಮೂ ಇಲ್ಲ. ಸಾವಿರ ಪಟ್ಟು ಮೀರಿದ ಗೇನ್‌ನಲ್ಲಿ ಅದು ಮೇಲಿನ ಎಲ್ಲೆಯಿಂದ ಕೆಳಗಿನ ಎಲ್ಲೆಗೆ ಬಡಿದುಕೊಳ್ಳುತ್ತ ಓಡಾಡುತ್ತದೆ. ಆ ಓಟದ ವೇಗವನ್ನು ಸ್ಲ್ಯೂ ರೇಟ್ ಎನ್ನುತ್ತಾರೆ. ಮೂಲದಲ್ಲಿ ಅಲ್ಲಿದ್ದ ಎಲ್‌ಎಂ308ರ ವೇಗ ಮೈಕ್ರೋಸೆಕೆಂಡಿಗೆ 0.3 ವೋಲ್ಟ್, 8 ವೋಲ್ಟ್ ದೂರ ಕ್ರಮಿಸಲು ಅದಕ್ಕೆ 27 ಮೈಕ್ರೋಸೆಕೆಂಡ್ ಬೇಕು. 13 ವೋಲ್ಟ್ ವೇಗದ ಟಿಎಲ್072ರ ಬಳಗದವರಿಗೆ ಒಂದು ಮೈಕ್ರೋಸೆಕೆಂಡೂ ಬೇಡ. ಆಸಿಲೋಸ್ಕೋಪಿನಲ್ಲಿ ನೋಡಿದರೆ ವೇಗದ ಚಿಪ್‌ನ ಗೋಡೆಗಳು ನೆಟ್ಟಗೆ ನಿಂತಿರುತ್ತವೆ, 308ರ ಗೋಡೆಗಳು ಇಳಿಜಾರು ಸೂರಿನಂತೆ ವಾಲಿರುತ್ತವೆ. ಇದರ ಜೊತೆಗೆ ಗೇನ್ ಮತ್ತು ಬ್ಯಾಂಡ್‌ವಿಡ್ತ್‌ಗಳ ಹಗ್ಗಜಗ್ಗಾಟ: 1 ಮೆಗಾಹರ್ಟ್ಝ್ ಸಾಮರ್ಥ್ಯದ ಚಿಪ್ಪಿನಿಂದ ಸಾವಿರ ಪಟ್ಟು ಗೇನ್ ಕೇಳಿದರೆ ಅದು ಪ್ರಾಮಾಣಿಕವಾಗಿ ಕೊಡಬಲ್ಲದ್ದು 1 ಕಿಲೋಹರ್ಟ್ಝ್‌ವರೆಗೆ ಮಾತ್ರ. ಮೇಲಿನ ಸ್ವರಗಳ ಮೊನೆ ಮುರಿಯುತ್ತದೆ, ಕಿವಿ ಚುಚ್ಚುವುದಿಲ್ಲ. ಹೈಫೈ ಲೋಕದಲ್ಲಿ ದೋಷ ಎನಿಸುವ ನಿಧಾನವೇ ಇಲ್ಲಿ ನಾದ. 308 ಸಿಗುವುದು ನಿಂತ ಮೇಲೆ ತಯಾರಕರು ಅದರ ಬದಲಿಗೆ ಹಾಕಿದ ಓಪಿ07 ಕೂಡ 0.3 ವೋಲ್ಟಿನ ಆಮೆಯೇ. ಇಲ್ಲಿ ಹೆಸರು ಬದಲಾದರೂ ನಡೆ ಬದಲಾಗಲಿಲ್ಲ.

ಶುದ್ಧವಾಗಿ ಕೇಳಿಸಬೇಕಾದ ಕಡೆ ಎಷ್ಟು ವೇಗ ಬೇಕೆಂಬುದಕ್ಕೂ ಲೆಕ್ಕವಿದೆ. 20 ಕಿಲೋಹರ್ಟ್ಝ್‌ನಲ್ಲಿ 10 ವೋಲ್ಟ್ ಎತ್ತರದ ಅಲೆಗೆ ಮೈಕ್ರೋಸೆಕೆಂಡಿಗೆ 1.26 ವೋಲ್ಟ್ ಸಾಕು. 9 ವೋಲ್ಟಿನ ಪೆಡಲ್‌ನಲ್ಲಿ ಸಿಗುವುದೇ ಮೂರು ನಾಲ್ಕು ವೋಲ್ಟ್ ಎತ್ತರ. ಗಿಟಾರ್ ಆಂಪಿನ ಸ್ಪೀಕರ್‌ಗಳು 5 ಕಿಲೋಹರ್ಟ್ಝ್ ದಾಟಿದ ಮೇಲೆ ಬೇಗನೆ ಸೋಲುತ್ತವೆ. ಎಲ್‌ಎಂ4562ರಂತೆ 55 ಮೆಗಾಹರ್ಟ್ಝ್ ತಲುಪುವ ಚಿಪ್ಪನ್ನು ಅಲ್ಲಿ ಹಾಕುವುದು ಗಲ್ಲಿಯಲ್ಲಿ ರೇಸ್ ಕಾರು ಓಡಿಸಿದಂತೆ. ನಾನು ಓಡಿಸಿದ್ದೇನೆ. ಬ್ರೆಡ್‌ಬೋರ್ಡಿನ ಮೇಲೆ, ಸಪ್ಲೈ ಕಾಲುಗಳಿಗೆ ಅಂಟಿದಂತೆ ಇರಬೇಕಾದ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಅನ್ನು ಮೂರು ಇಂಚು ದೂರದಲ್ಲಿಟ್ಟು, ಔಟ್‌ಪುಟ್ಟಿಗೆ ಐದು ಮೀಟರ್ ಕೇಬಲ್ ನೇತುಹಾಕಿದ್ದೆ. ಸ್ಪೀಕರಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ, ಸ್ವರ ಮಾತ್ರ ಮಂಕಾಗಿತ್ತು. ಚಿಪ್ಪಿನ ಮೇಲೆ ಬೆರಳಿಟ್ಟಾಗ ಚುರುಕ್ಕೆಂದಿತು. ಕಿವಿಗೆ ನಿಲುಕದ ಎತ್ತರದಲ್ಲಿ ಅದು ಒಂದೇ ಸಮನೆ ಆಸಿಲೇಟ್ ಆಗುತ್ತಿತ್ತು. ಔಟ್‌ಪುಟ್ಟಿಗೆ ಸರಣಿಯಲ್ಲಿ 100 ಓಮ್ ಇಟ್ಟು, ಕೆಪಾಸಿಟರ್ ಅನ್ನು ಹತ್ತಿರಕ್ಕೆ ತಂದ ಮೇಲೆ ತಣ್ಣಗಾಯಿತು.

9 ವೋಲ್ಟ್ ಎಂಬ ಬಡತನ ಗಿಟಾರ್ ಪೆಡಲ್‌ಗಳ ದೊಡ್ಡ ಕಟ್ಟುಪಾಡು. ಡೇಟಾಶೀಟಿನ ಬಹುಪಾಲು ಅಂಕಿಗಳು ಪ್ಲಸ್ 15 ಮತ್ತು ಮೈನಸ್ 15 ವೋಲ್ಟ್ ಕೊಟ್ಟಾಗ ಅಳೆದವು. ನಮ್ಮಲ್ಲಿರುವುದು ಅದರ ಮೂರನೇ ಒಂದಕ್ಕಿಂತಲೂ ಕಡಿಮೆ, ಅದೂ ನಡುವೆ 4.5 ವೋಲ್ಟಿನಲ್ಲಿ ಒಂದು ಕೃತಕ ನೆಲ ಕಟ್ಟಿಕೊಂಡು. ಟಿಎಲ್072ರ ನಿಜವಾದ ದೌರ್ಬಲ್ಯ ನನಗೆ ಕಂಡದ್ದು ಇಲ್ಲಿ. ಅದರ ಇನ್‌ಪುಟ್ ಕೆಳಗಿನ ಸಪ್ಲೈಗೆ ಸುಮಾರು 3 ವೋಲ್ಟಿಗಿಂತ ಹತ್ತಿರ ಹೋದರೆ ಚಿಪ್ ದಾರಿ ತಪ್ಪುತ್ತದೆ. ಔಟ್‌ಪುಟ್ ಕೆಳಗೆ ಹೋಗಬೇಕಾದ ಕಡೆ ತಟಕ್ಕನೆ ಮೇಲಕ್ಕೆ ಹಾರುತ್ತದೆ. 4.5ರಿಂದ 3 ಕಳೆದರೆ ಉಳಿಯುವುದು ಒಂದೂವರೆ ವೋಲ್ಟ್. ಬರಿಯ ಗಿಟಾರ್ ಇದ್ದಾಗ ಏನೂ ಆಗಲಿಲ್ಲ. ಅದರ ಮುಂದೆ ಒಂದು ಬೂಸ್ಟ್ ಪೆಡಲ್ ಇಟ್ಟು ದಪ್ಪ ತಂತಿಯನ್ನು ಜೋರಾಗಿ ಮೀಟಿದಾಗ, ಮೀಟಿದ ಮೊದಲ ಕ್ಷಣಕ್ಕೆ ಮಾತ್ರ, ಬಟ್ಟೆ ಪರ್ರನೆ ಹರಿದಂಥ ಸದ್ದು ಬಂತು. ಸ್ಕೋಪಿನಲ್ಲಿ ನೋಡಿದರೆ ಅಲೆಯ ಕೆಳಗಿನ ಕಣಿವೆಯ ತಳದಿಂದ ಒಂದು ಕಂಬ ಮೇಲಕ್ಕೆ ಎದ್ದು ನಿಂತಿತ್ತು. ಇಂಥ ಜಾಗಕ್ಕೆ ಒಪಿಎ2134 ಹಾಕಿದರೆ ಈ ತಿರುಗುಬಾಣವಿಲ್ಲ. ಅದೂ ಜೆಫೆಟ್ ಇನ್‌ಪುಟ್‌ನದೇ, ನಾಯ್ಸ್ 8 ನ್ಯಾನೋವೋಲ್ಟ್, ಬೆಲೆ ಮಾತ್ರ ಹಲವು ಪಟ್ಟು. ಕ್ಲೋನ್ ಸೆಂಟಾರ್ ಪೆಡಲ್ ಮಾಡಿದ ಬಿಲ್ ಫಿನೆಗನ್ ಬೇರೆ ದಾರಿ ಹಿಡಿದರು: ಟಿಎಲ್072 ಅನ್ನೇ ಉಳಿಸಿಕೊಂಡು, ಒಂದು ಚಾರ್ಜ್ ಪಂಪ್ ಚಿಪ್‌ನಿಂದ 9 ವೋಲ್ಟನ್ನು ಪ್ಲಸ್ 18 ಮತ್ತು ಮೈನಸ್ 9 ಮಾಡಿಕೊಂಡು, ಸಿಗ್ನಲ್‌ಗೆ ಓಡಾಡಲು ಅಂಗಳ ಕೊಟ್ಟರು. ಈ ಉಪಾಯ ನನಗೆ ದುಬಾರಿ ಚಿಪ್‌ಗಿಂತ ಹೆಚ್ಚು ಮೆಚ್ಚುಗೆ.

ಬ್ಯಾಟರಿಯಿಂದ ನಡೆಯಬೇಕಾದರೆ ಚಿಪ್‌ನ ಹಸಿವನ್ನೂ ನೋಡಬೇಕು. 5532ಕ್ಕೆ 8 ಮಿಲಿಆಂಪಿಯರ್, ಟಿಎಲ್072ಕ್ಕೆ 3ರ ಒಳಗೆ, ಅದರ ತಮ್ಮ ಟಿಎಲ್062ಕ್ಕೆ ಅರ್ಧ ಮಿಲಿಆಂಪಿಯರೂ ಬೇಡ. ಅತ್ತೆಯ ಡಬ್ಬಿಯಲ್ಲಿ ಈಗ ಇರುವುದು 062. ಅವರು ಸ್ವಿಚ್ ಆರಿಸುವುದನ್ನು ಮರೆಯುತ್ತಾರೆ. ಒಂದೆಳೆ ಸುಯ್ಲು ಹೆಚ್ಚಾದರೂ ಪರವಾಗಿಲ್ಲ, ಕಛೇರಿಯ ನಡುವೆ ಬ್ಯಾಟರಿ ಕೈಕೊಡಬಾರದು.

ಅಗ್ಗವೆಂದು ಎಲ್ಲರೂ ಮೊದಲು ಕೈ ಹಾಕುವ ಎಲ್‌ಎಂ358ರ ಬಗ್ಗೆ ಒಂದು ಮಾತು. ಅದರ ಔಟ್‌ಪುಟ್ ಹಂತ ಮೇಲಿನ ಅರ್ಧದಿಂದ ಕೆಳಗಿನ ಅರ್ಧಕ್ಕೆ ದಾಟುವಾಗ ಮಧ್ಯದಲ್ಲಿ ಎಡವುತ್ತದೆ. ಸಣ್ಣ ಸ್ವರಗಳು ಆರಿಹೋಗುವ ಹೊತ್ತಿನಲ್ಲಿ ಆ ಒರಟು ಎದ್ದು ಕೇಳುತ್ತದೆ. ಔಟ್‌ಪುಟ್ಟಿನಿಂದ ಕೆಳಗಿನ ಸಪ್ಲೈಗೆ ಕೆಲವು ಕಿಲೋಓಮ್‌ನ ರೆಸಿಸ್ಟರ್ ಹಾಕಿದರೆ ಬಹಳಷ್ಟು ಸುಧಾರಿಸುತ್ತದೆ, ಆದರೂ ಅದಕ್ಕೆ ತಕ್ಕ ಕೆಲಸ ಸದ್ದನ್ನು ಏರಿಳಿಸುವ ಟ್ರೆಮೊಲೋ ಪೆಡಲ್‌ನಲ್ಲಿ ನಿಧಾನದ ಅಲೆ ಹುಟ್ಟಿಸುವುದು. ಎಂಸಿಪಿ6002 ಕೂಡ ಅಗ್ಗ, ಅದು 6 ವೋಲ್ಟಿನ ಚಿಪ್; 9 ಕೊಟ್ಟರೆ ಏನಾಗುತ್ತದೆ ಎಂಬುದನ್ನು ನಾನು ಈಗಾಗಲೇ ಪರೀಕ್ಷಿಸಿಯಾಗಿದೆ.

ಒಪಿಎ2134ರ ವಿಷಯಕ್ಕೆ ಬಂದರೆ, ಒಮ್ಮೆ ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರನಿಂದ ಐದನ್ನು ತರಿಸಿದ್ದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಒಂದಕ್ಕೆ ಕೇಳುವ ಬೆಲೆಯಲ್ಲಿ ಐದೂ ಬಂದಿದ್ದವು. ಆಗಲೇ ಅನುಮಾನ ಬರಬೇಕಿತ್ತು. ಚಿಪ್ಪಿನ ಬೆನ್ನ ಮೇಲೆ ಬರ್-ಬ್ರೌನ್‌ನ ಗುರುತು, ಹೆಸರು, ತಯಾರಿಕೆಯ ಸಂಕೇತ ಎಲ್ಲವೂ ಬೆಳ್ಳಗೆ ಚೊಕ್ಕವಾಗಿ ಇದ್ದವು. ಇಂಥವನ್ನು ಪರೀಕ್ಷಿಸಲು ನಾನು ಇಟ್ಟುಕೊಂಡಿರುವ ವಿಧಾನ ಐದು ನಿಮಿಷದ್ದು. ಆಪ್ ಆಂಪ್ ಅನ್ನು ಫಾಲೋಯರ್ ಆಗಿ, ಅಂದರೆ ಇನ್‌ಪುಟ್ಟನ್ನು ಹಾಗೆಯೇ ಔಟ್‌ಪುಟ್ಟಿಗೆ ಕೊಡುವಂತೆ, ಜೋಡಿಸಿ, ಅದರ ಪ್ಲಸ್ ಇನ್‌ಪುಟ್ ಅನ್ನು 1 ಮೆಗಾಓಮ್ ಮೂಲಕ ಸಪ್ಲೈಯ ನಡುಬಿಂದುವಿಗೆ ಕಟ್ಟಿ, ಆ ನಡುಬಿಂದುವಿಗೂ ಔಟ್‌ಪುಟ್ಟಿಗೂ ನಡುವೆ ಮಲ್ಟಿಮೀಟರ್ ಇಡಬೇಕು. ನಿಜವಾದ ಜೆಫೆಟ್ ಇನ್‌ಪುಟ್ ಆದರೆ ಒಂದೆರಡು ಮಿಲಿವೋಲ್ಟ್ ದಾಟುವುದಿಲ್ಲ. ಬೈಪೋಲಾರ್ ಆದರೆ ಅದರ ಇನ್‌ಪುಟ್ ಕರೆಂಟ್ 1 ಮೆಗಾಓಮ್‌ನಲ್ಲಿ ಸಿಕ್ಕಿಬೀಳುತ್ತದೆ, ಪ್ರತಿ ನ್ಯಾನೋಆಂಪಿಯರ್‌ಗೆ ಒಂದು ಮಿಲಿವೋಲ್ಟ್ ಲೆಕ್ಕದಲ್ಲಿ. 5532ರಂಥ ಎನ್‌ಪಿಎನ್ ಇನ್‌ಪುಟ್ ಕರೆಂಟ್ ಎಳೆದುಕೊಳ್ಳುವುದರಿಂದ ಮೀಟರ್ ಮೈನಸ್ ತೋರಿಸುತ್ತದೆ. 4558ರಂಥ ಪಿಎನ್‌ಪಿ ಇನ್‌ಪುಟ್ ಕರೆಂಟ್ ಹೊರಗೆ ಹಾಕುವುದರಿಂದ ಪ್ಲಸ್. ನನ್ನ ಮೀಟರ್ ತೋರಿಸಿದ್ದು ಪ್ಲಸ್ 62 ಮಿಲಿವೋಲ್ಟ್. ಉಳಿದ ನಾಲ್ಕೂ 58ರಿಂದ 66ರ ನಡುವೆ. ಬೆನ್ನ ಮೇಲಿನ ಹೆಸರನ್ನು ಉಜ್ಜಿ ಮರುಮುದ್ರಿಸಿದ್ದರು. ಹೊಟ್ಟೆಯೊಳಗೆ ಇದ್ದದ್ದು 4558 ಅಥವಾ ಅದರ ದಾಯಾದಿ.

ಬಿಸಾಡಲಿಲ್ಲ. 4558 ಸಾಕಾಗುವ ಜಾಗಗಳು ಬೇಕಾದಷ್ಟಿವೆ. ಐದನ್ನೂ ಒಂದು ಪೊಟ್ಟಣಕ್ಕೆ ಹಾಕಿ ಮೇಲೆ 62 ಎಂದು ಬರೆದಿಟ್ಟೆ. ಅದರಲ್ಲೊಂದು ಕೆಲವು ತಿಂಗಳ ಹಿಂದೆ ಆ ಸ್ನೇಹಿತನ ಓವರ್‌ಡ್ರೈವ್ ಪೆಡಲ್ ರಿಪೇರಿಗೆ ಬಂದಾಗ ಒಳಗೆ ಹೋಯಿತು, ಅಲ್ಲಿ ಸುಟ್ಟಿದ್ದದ್ದೂ 4558 ಆಗಿತ್ತು. ಪೆಡಲ್ ಒಯ್ದವನು ಕುತೂಹಲಕ್ಕೆ ಮುಚ್ಚಳ ಬಿಚ್ಚಿ ನೋಡಿದ್ದಾನೆ. ರಾತ್ರಿ ಹತ್ತೂವರೆಗೆ ಫೋನ್ ಮಾಡಿದ. "ಹೇಳ್ದೇ ಇಪ್ಪತ್ತೊಂದು ಮೂವತ್ನಾಲ್ಕು ಹಾಕ್ಬಿಟ್ಟಿದೀಯಲ್ಲೋ, ಅದಕ್ಕೇ ಹೈ ಎಂಡ್ ಇಷ್ಟು ಬಿಚ್ಚಿಕೊಂಡಿರೋದು. ದುಡ್ಡೆಷ್ಟಾಯ್ತು ಹೇಳು." ದುಡ್ಡೇನೂ ಬೇಡ, ಮನೆಯಲ್ಲಿ ಬಿದ್ದಿತ್ತು ಎಂದೆ. ಪೊಟ್ಟಣದಲ್ಲಿ ಇನ್ನೂ ನಾಲ್ಕಿವೆ.